ಸೋಮವಾರದ ಗಂಟೆ

ಝುಣಕ ಹಚ್ಚಿದ ರೊಟ್ಟಿಯ ತುಂಡು ಬಾಯಿಗೆ ಹೋಗುವ ದಾರಿಯಲ್ಲೇ ನಿಂತುಬಿಟ್ಟಿತು. ಅಮರಪ್ಪನ ಕೈ ಗಾಳಿಯಲ್ಲಿತ್ತು, ಬಾಯಿ ತೆರೆದಿತ್ತು, ಕಣ್ಣು ಮುಚ್ಚಿತ್ತು.

"ರೇಣವ್ವಾ, ಬಾ ಇಲ್ಲೆ. ನಿನ್ನ ಮಗ ಮಲಕೊಂಡು ಉಣ್ಣೂದು ಕಲ್ತು ಬಂದಾನ," ಎಂದಳು ಅಜ್ಜಿ ಲಕ್ಕವ್ವ. "ಪುಣೇದಾಗ ಇದನೂ ಕಲಿಸ್ಯಾರೇನ ಮತ್ತ?"

ರೇಣುಕವ್ವ ಒಲೆಯ ಮುಂದಿನಿಂದ ಎದ್ದು ಬಂದು ಮಗನ ಭುಜ ಅಲುಗಿಸಿದಳು. ಅಮರಪ್ಪ ಬೆಚ್ಚಿಬಿದ್ದು, "ಎಷ್ಟು ಜ್ವರಾ?" ಎಂದ.

"ಜ್ವರಾ ಅಲ್ಲೋ ಯಪ್ಪಾ, ಝುಣಕ. ಉಣ್ಣು."

ಅವನ ಹೆಂಡತಿ ಪರಸವ್ವ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗೆ ಅರ್ಧಕ್ಕೇ ನಿಂತಿತು. ಗಂಡ ಉಂಡದ್ದು ಅರ್ಧ ರೊಟ್ಟಿ. ಆಗಲೇ ಕೈ ತೊಳೆದು, ಅಂಗಿಯ ಗುಂಡಿಗಳನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡು, ಮತ್ತೆ ದವಾಖಾನೆಗೆ ಹೊರಟಿದ್ದ.

ದೊಡ್ಡ ಲಡಾಯಿಯ ಕಾಲ ಅದು. ವಿಜಾಪುರದ ಆ ದವಾಖಾನೆಯಲ್ಲಿದ್ದ ಅನುಭವಸ್ಥ ಡಾಕ್ಟರರೆಲ್ಲ ಮಿಲಿಟರಿಗೆ ಹೋಗಿದ್ದರು. ಉಳಿದವರು ದೊಡ್ಡ ಡಾಕ್ಟರು ಒಬ್ಬರು; ಅವರ ಕೈಕೆಳಗೆ ಆಗಷ್ಟೇ ಪರೀಕ್ಷೆ ಪಾಸಾಗಿ ಕೈ ಪಳಗಿಸಿಕೊಳ್ಳುತ್ತಿದ್ದ ಇಬ್ಬರು ಹುಡುಗರು, ಅಮರಪ್ಪ ಮತ್ತು ತಿಕೋಟಾದ ಯಾಕೂಬ. ಅವರಿಗೆ ಹೌಸ್ ಸರ್ಜನ್ ಎಂಬ ಹೆಸರು. ವರ್ಷ ತುಂಬಿದಾಗ ದೊಡ್ಡ ಡಾಕ್ಟರು ಒಂದು ಸಹಿ ಹಾಕಿಕೊಟ್ಟರೆ ಎಲ್ಲಿ ಬೇಕಾದರೂ ಸ್ವಂತ ಬೋರ್ಡು ಹಾಕಬಹುದು. ಅಲ್ಲಿಯವರೆಗೆ ಕರೆದಾಗ ಹೋಗಬೇಕು, ಕರೆಯದಾಗಲೂ ಅಲ್ಲೇ ಇರಬೇಕು. ಹಗಲೂ ಇಬ್ಬರೂ, ರಾತ್ರಿಯೂ ಇಬ್ಬರೂ.

"ಹೌಸ್ ಅಂದ್ರ ಇಂಗ್ರೇಜಿಯೊಳಗ ಮನಿ ಅಲ್ಲೇನು?" ಎಂದು ಲಕ್ಕವ್ವ ಒಮ್ಮೆ ಕೇಳಿದ್ದಳು. "ಮನ್ಯಾಗ ಇರಲಾರದವಗ ಮನಿ ಡಾಕ್ಟರ ಅಂತ ಹೆಸರಿಟ್ಟಾಂವ ಯಾಂವ?"

ಮನೆಯೆಂದರೆ ಮನಗೂಳಿ ಅಗಸಿಯ ಹತ್ತಿರದ ಗಾಣದ ಮನೆ. ಅಂಗಳದಲ್ಲಿ ಗಾಣ, ಅದನ್ನು ಸುತ್ತುವ ಕೆಂದ್ಯಾ ಎಂಬ ಎತ್ತು, ಪಡಸಾಲೆಯಲ್ಲಿ ಎಣ್ಣೆಯ ಕೊಡಗಳು. ಯಜಮಾನ ಬಸಗೊಂಡಪ್ಪ. ಅವನ ಕುಸುಬಿ ಎಣ್ಣೆಗೆ ಬಬಲೇಶ್ವರದ ತನಕ ಹೆಸರಿತ್ತು. ಎಣ್ಣೆಗಿಂತ ದೊಡ್ಡ ಹೆಸರು ಆ ಮನೆಯ ಸೋಮವಾರಕ್ಕಿತ್ತು. ಸೋಮವಾರ ಬಸವಣ್ಣನ ದಿವಸ, ಎತ್ತಿಗೆ ನೊಗ ಇಡುವಂತಿಲ್ಲ. ಊರಲ್ಲಿ ಉಳಿದವರೂ ಇದನ್ನು ಪಾಲಿಸುತ್ತಿದ್ದರು, ಆದರೆ ಮದುವೆ ಬಂತು, ಮುಂಜಿ ಬಂತು ಎಂದು ಅಷ್ಟಿಷ್ಟು ತಪ್ಪಿಸುತ್ತಿದ್ದರು. ಬಸಗೊಂಡಪ್ಪ ತಪ್ಪಿಸಿದವನಲ್ಲ. ಕೆಂದ್ಯಾನ ಕೊರಳ ಗಂಟೆಯನ್ನು ಬಿಚ್ಚಿ ಬಾಗಿಲ ಗೂಟಕ್ಕೆ ತೂಗಿದನೆಂದರೆ ಮುಗಿಯಿತು, ದೇವರ ದೀಪಕ್ಕೂ ಆವತ್ತು ಗಾಣ ತಿರುಗದು. ಓಣಿಯ ಜನ ಗೂಟ ನೋಡಿಯೇ ಬಾಟಲಿ ಹಿಡಿದುಕೊಂಡು ಹಿಂದಿರುಗುತ್ತಿದ್ದರು. ಓಣಿಯ ಹಿರಿಯ ಗುರುಪಾದಯ್ಯನವರು ಎಲ್ಲರ ಮುಂದೆ, "ಸೋಮವಾರ ಅಂದ್ರ ಬಸಗೊಂಡಪ್ಪಂದು ನೋಡ್ರಿ," ಎಂದು ಹೇಳಿದ್ದರು. ಆ ಮಾತನ್ನು ಬಸಗೊಂಡಪ್ಪ ರುಮಾಲಿನಂತೆ ತಲೆಯ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದ.

ಈಗ ಅದರ ಮೇಲೆ ಇನ್ನೊಂದು ತುರಾಯಿ, ಡಾಕ್ಟರ್ ಮಗ.

ಸುಗ್ಗಿಗೆ ಕುಸುಬಿ ತರಲು ಬಬಲೇಶ್ವರಕ್ಕೆ ಹೋದವನು ಪ್ರತಿಯೊಬ್ಬ ರೈತನ ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಹೇಳಿಬಂದ. "ನಿಮಗ ಏನರ ಬ್ಯಾನಿ ಇದ್ರ ದವಾಖಾನಿ ಎದಕ? ನಮ್ಮ ಮನೀಗೇ ಬರ್ರಿ. ನಮ್ಮ ಅಮರಪ್ಪ ಅದಾನ. ಹಂಗ ಬರೂಮುಂದ ಒಂದೆರಡು ಚೀಲ ಕುಸುಬಿನೂ ತಗೊಂಡ ಬರ್ರಿ, ಗಾಣಕ್ಕ ಹಾಕೂಣು."

ಬಂದರು. ಸಾರವಾಡದಿಂದ ಬೆನ್ನುನೋವು ಬಂತು, ಕಾಖಂಡಕಿಯಿಂದ ಹೊಟ್ಟೆನೋವು ಬಂತು, ಬಬಲೇಶ್ವರದಿಂದ ಒಂದು ಬಂಡಿ ತುಂಬ ಕೆಮ್ಮು ಬಂತು. ಗಾಣಕ್ಕೂ ಕೈತುಂಬ ಕೆಲಸ. ದವಾಖಾನೆಯಲ್ಲಿ ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಎರಡು ತಾಸು ಕಣ್ಣು ಮುಚ್ಚಲೆಂದು ಮನೆಗೆ ಬರುವ ಅಮರಪ್ಪನಿಗೆ ಪಡಸಾಲೆಯಲ್ಲಿ ಇನ್ನೊಂದು ದವಾಖಾನೆ ಕಾದಿರುತ್ತಿತ್ತು.

"ಅಪ್ಪಾ, ಇವತ್ತೊಂದಿನ ಬ್ಯಾಡ. ಕಣ್ಣ ಉರ್ಯಾಕತ್ತಾವ."

"ಹಿಂಗಂದ್ರ ಹೆಂಗೋ? ಪಾಪ, ಕಾಖಂಡಕಿಯಿಂದ ಬಂದಾರ. ನಾಲಿಗಿ ನೋಡು, ನಾಡಿ ನೋಡು, ಒಂದು ಪುಡಿ ಕೊಡು. ಎಷ್ಟೊತ್ತಿನ ಕೆಲಸ?"

"ಒಬ್ಬರದು ಸ್ವಲ್ಪ ಹೊತ್ತಿಂದಪ್ಪಾ. ಪಡಸಾಲಿ ತುಂಬ ಮಂದಿ ಅದಾರ."

"ಕಲಿಯೂಮುಂದ ದುಡೀಬೇಕು. ನಿಮ್ಮ ದೊಡ್ಡ ಡಾಕ್ಟರ್ನ ಕೇಳು."

ಲಕ್ಕವ್ವನಿಗೆ ಇಷ್ಟು ಸಿಕ್ಕರೆ ಸಾಕಾಗಿತ್ತು. ಕಣ್ಣಿಗೆ ಔಷಧ ಹಾಕಿಸಿಕೊಳ್ಳಲು ಹೋದಾಗ ದೊಡ್ಡ ಡಾಕ್ಟರನ್ನು ಆಕೆ ನೋಡಿ ಬಂದಿದ್ದಳು. ಕಣ್ಣಿಗೆ ಔಷಧ ಬಿದ್ದಿದ್ದರೂ ನೋಡಬೇಕಾದದ್ದನ್ನೆಲ್ಲ ನೋಡಿದ್ದಳು. ಇಲ್ಲದ ಚಾಳೀಸನ್ನು ಮೂಗಿನ ತುದಿಗೆ ಇಳಿಸಿ, ಎದೆ ಮುಂದೆ ಮಾಡಿ, ಗಂಟಲು ಕೆರೆದಳು.

"ಹ್ಹಂ! ನಾವು ಕಲಿಯುವಾಗ, ಹ್ಹಂ! ಹಾಸಿಗೆಯ ಮುಖವನ್ನೇ ನೋಡಿಲ್ಲ, ಹ್ಹಂ!" ಆಮೇಲೆ ತನ್ನ ದನಿಯಲ್ಲಿ ಸೇರಿಸಿದಳು, "ಹಾಸಿಗಿ ಮಾರಿ ನೋಡಲಾರದವಗ ಐದು ಮಕ್ಕಳು ಹೆಂಗಾದ್ವು, ಅದನ್ನೊಂದು ಕೇಳೂದು ಮರತ ಬಂದೆ."

ಬೆನ್ನುನೋವಿನವರೂ ನಕ್ಕರು. ಬಸಗೊಂಡಪ್ಪನಿಗೆ ಸಿಟ್ಟು ಬಂತು. ಅಮರಪ್ಪ ಮಾತ್ರ ನಗಲಿಲ್ಲ, ಗೋಡೆಗೆ ಒರಗಿ ಒಬ್ಬ ಮುದುಕನ ನಾಡಿ ಹಿಡಿದಿದ್ದವನು ಹಾಗೆಯೇ ತೂಕಡಿಸುತ್ತಿದ್ದ. ಮುದುಕ ಪಾಪ, ಡಾಕ್ಟರ್ ಬಹಳ ಆಳವಾಗಿ ನೋಡುತ್ತಿದ್ದಾನೆಂದು ಉಸಿರು ಬಿಗಿಹಿಡಿದು ಕುಳಿತಿದ್ದ.

ಒಂದು ಮುಂಜಾನೆ ಅಮರಪ್ಪ ದವಾಖಾನೆಯಿಂದ ಬಂದವನೇ ಅಂಗಳದಲ್ಲಿ ಕೆಂದ್ಯಾನ ಮುಂದೆ ನಿಂತು, "ನಾಲಿಗಿ ತಗಿ," ಎಂದ. ಕೆಂದ್ಯಾ ತೆಗೆಯಿತು. "ಭಾಳ ಬಿಳಿ ಆಗೇದ. ಹೊಟ್ಟಿ ಸಾಫ್ ಇಲ್ಲ," ಎಂದು ಹೇಳಿ ಒಳಗೆ ಹೋದ. ಬಸಗೊಂಡಪ್ಪ ಈ ಸುದ್ದಿಯನ್ನು ಓಣಿಯಲ್ಲೆಲ್ಲ ಹೇಳಿಕೊಂಡು ನಕ್ಕ. ಒಳಗೆ ಪರಸವ್ವ ಹಾಸಿಗೆ ಹಾಸುತ್ತ ಅತ್ತೆಗೆ ಹೇಳಿದಳು, "ಅತ್ತಿ, ಇದು ನಗೂ ಮಾತಲ್ಲ."

"ನನಗ ಗೊತ್ತೈತವ್ವಾ. ಆದ್ರ ಅವರಿಗೆ ಹೇಳವರ್ಯಾರು?"

ಹೇಳಲಿಲ್ಲ ಲಕ್ಕವ್ವ, ಮಾಡಿದಳು. ಆಗಲೇ ಕೆಂದ್ಯಾನ ಗಂಟೆ ಬಿಚ್ಚಿಕೊಂಡು ಬಂದು ಮೊಮ್ಮಗ ಮಲಗಿದ್ದ ಕೋಣೆಯ ಬಾಗಿಲ ಗೂಟಕ್ಕೆ ತೂಗಿಬಿಟ್ಟಳು. ಬಂದ ರೋಗಿಗಳು ಗಂಟೆ ನೋಡಿದರು, ಮುದುಕಿಯ ಮುಖ ನೋಡಿದರು, ತಿರುಗಿ ಹೋದರು. ಓಣಿಯ ರೂಢಿ ಅಷ್ಟು ಗಟ್ಟಿಯಿತ್ತು.

ಸಂಜೆ ಬಸಗೊಂಡಪ್ಪ ಬಂದವನು ಗಂಟೆಯನ್ನು ಕಿತ್ತುಕೊಂಡ. "ಯವ್ವಾ, ಮಂದಿ ನೋಡಿದ್ರ ಏನಂದಾರು? ನನ್ನ ಮಗ ಎತ್ತೇನು?"

"ಎತ್ತಾಗಿದ್ರ ಛಲೋ ಇತ್ತಲ್ಲೋ ಬಸ್ಯಾ. ವಾರಕ್ಕೊಂದು ಸೋಮವಾರರ ಸಿಗತಿತ್ತು."

"ಎತ್ತಿನ ಮಾತ ಬ್ಯಾರೆ. ಅದು ಬಾಯಿಲ್ಲದ ಜೀವ."

"ಬಾಯಿ ಇದ್ದಾಂವ ಬ್ಯಾಡ ಅಂದ್ರ ನೀ ಕೇಳಿದ್ಯಾ?"

ಬಸಗೊಂಡಪ್ಪ ಗಂಟೆಯನ್ನು ಒಯ್ದು ಕೆಂದ್ಯಾನ ಕೊರಳಿಗೆ ಕಟ್ಟಿದ. ಮರುದಿನ ಪಡಸಾಲೆ ಮತ್ತೆ ತುಂಬಿತು.

ಲಡಾಯಿಯಿಂದಾಗಿ ಬಾಟಲಿಗಳಿಗೂ ಬರಗಾಲ ಬಂದಿತ್ತು. ಎಣ್ಣೆಗೆ ಬಂದವರು ತಮ್ಮ ತಮ್ಮ ಬಾಟಲಿ ತರುತ್ತಿದ್ದರು, ಔಷಧಕ್ಕೆ ಬಂದವರೂ ತಮ್ಮ ತಮ್ಮ ಬಾಟಲಿ ತರುತ್ತಿದ್ದರು. ಪಡಸಾಲೆಯ ಕಿಟಕಿಕಟ್ಟೆಯ ಮೇಲೆ ಎಡಕ್ಕೆ ಎಣ್ಣೆಯವು, ಬಲಕ್ಕೆ ಔಷಧದವು. ಅಮರಪ್ಪ ಬಂದು ತುಂಬಿಡುತ್ತಿದ್ದ, ಬಸಗೊಂಡಪ್ಪ ಬಂದವರಿಗೆ ಎತ್ತಿಕೊಡುತ್ತಿದ್ದ. ಅಪ್ಪನಿಗೆ ಅದರಲ್ಲಿ ದೊಡ್ಡ ಹುರುಪು. ಎಣ್ಣೆ ಅಳೆದ ಕೈಯಲ್ಲೇ ಔಷಧ ಕೊಟ್ಟು, "ದಿನಕ್ಕ ಮೂರು ಸಲ, ಊಟ ಆದ ಮ್ಯಾಲೆ," ಎಂದು ತಾನೇ ಓದಿ ಬಂದವನಂತೆ ಹೇಳುತ್ತಿದ್ದ.

ಹೋಳಿ ಹುಣ್ಣಿಮೆಯ ಹಿಂದಿನ ದಿವಸ ಎರಡು ಬಾಟಲಿ ತುಂಬಬೇಕಿತ್ತು. ಒಂದು, ಓಣಿಯ ಟಾಂಗಾದ ಪೀರಸಾಬನದು. ಅವನ ಮೊಮ್ಮಗಳು ಮುನೀರಾ ಎಂಬ ಕೂಸಿಗೆ ಕೆಮ್ಮು. ಇನ್ನೊಂದು ಸಾರವಾಡದ ರೈತನದು, ಬೆನ್ನಿಗೆ ತಿಕ್ಕುವ ಔಷಧ. ಎರಡು ರಾತ್ರಿ ಹೆರಿಗೆ ಕೋಣೆಯಲ್ಲಿ ನಿಂತು ಬಂದಿದ್ದ ಅಮರಪ್ಪ ಎರಡನ್ನೂ ತುಂಬಿ, ಬೂಟು ಬಿಚ್ಚದೆಯೇ ಬಿದ್ದುಕೊಂಡ. ಬಸಗೊಂಡಪ್ಪ ಎರಡನ್ನೂ ಹಂಚಿದ.

ಅರ್ಧ ತಾಸಿನಲ್ಲಿ ಪೀರಸಾಬನ ಹೆಂಡತಿ ಮಾಬುಬಿ ಬಾಗಿಲಲ್ಲಿ ನಿಂತಳು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಚಮಚೆ. ಜೋರಾಗಿ ಮಾತಾಡುವ ಹೆಂಗಸು ಆಕೆ, ಆವತ್ತು ದನಿಯೇ ಏರಿಸಲಿಲ್ಲ.

"ಬಸಗೊಂಡಪ್ಪಣ್ಣಾ, ಇದನ್ನ ನೀವು ಕುಡೀರಿ."

"ಯಾಕಬೇ ಮಾಬುಬಿ, ಏನಾತು?"

"ಕುಡೀರಿ. ದಿನಕ್ಕ ಮೂರು ಸಲ ಅಂದಿರೆಲ್ಲಾ, ಒಂದು ಸಲ ಕುಡೀರಿ."

ಬಸಗೊಂಡಪ್ಪ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದ. ಬಣ್ಣದ ಅಂಗಡಿಯ ವಾಸನೆ ಕಣ್ಣಿಗೆ ಹೊಡೆಯಿತು. ಟರ್ಪೆಂಟಾಯಿನ್. ಬೆನ್ನಿಗೆ ತಿಕ್ಕುವುದು.

"ಕೂಸು?" ಎಂದ.

"ತುಟಿತನಾ ಒಯ್ದಿದ್ದೆ. ವಾಸನಿಗೆ ಮಾರಿ ತಿರುವಿ ಅತ್ತಳು. ಅದರ ಪುಣ್ಯಾ, ನಿಮ್ಮ ಪುಣ್ಯಾ."

ಒಳಗೆ ಅಮರಪ್ಪ ಎದ್ದು ಕುಳಿತಿದ್ದ. ಹೊರಗೆ ಬಂದು ಬಾಟಲಿ ನೋಡಿದ, ಎರಡರ ಔಷಧವನ್ನೂ ತಾನೇ ಅದಲುಬದಲು ತುಂಬಿದ್ದು ತಿಳಿದು ಮುಖ ಸುಣ್ಣವಾಯಿತು. ಮಾಬುಬಿಯ ಹಿಂದೆ ಅವಳ ಮನೆಗೆ ಓಡಿದ. ಕೂಸಿನ ಬಾಯಿ, ತುಟಿ, ಉಸಿರು ಎಲ್ಲ ನೋಡಿ, ಸರಿಯಾದ ಔಷಧವನ್ನು ತಾನೇ ಕುಡಿಸಿ, ಅದು ನಕ್ಕ ಮೇಲೆ ಹಿಂದಿರುಗಿದ. ಸಾರವಾಡದ ರೈತನದು ಮರುದಿನ ತಿಳಿಯಿತು. ಸಕ್ಕರೆಪಾಕದ ಕೆಮ್ಮಿನ ಔಷಧವನ್ನು ಬೆನ್ನಿಗೆ ತಿಕ್ಕಿಸಿಕೊಂಡು ಮಲಗಿದ್ದನಂತೆ. ಊರ ಇರುವೆಗಳೆಲ್ಲ ಬಂದು ಅವನನ್ನು ಮಾತಾಡಿಸಿದವಂತೆ. ಆದರೆ ಆವತ್ತು ಮನೆಯಲ್ಲಿ ಯಾರಿಗೂ ನಗು ಬರುವಂತಿರಲಿಲ್ಲ.

"ಕಣ್ಣ ಎಲ್ಲಿ ಇಟ್ಟಿದ್ಯೋ?" ಎಂದು ಬಸಗೊಂಡಪ್ಪ ಗುಡುಗಿದ. ಹೆದರಿಕೆ ಸಿಟ್ಟಾಗಿ ಹೊರಬಿದ್ದಿತ್ತು. "ಕೂಸಿಗೆ ಏನರ ಆಗಿದ್ರ ಈ ಓಣ್ಯಾಗ ಮಾರಿ ತೋರಿಸೂ ಹಂಗಿತ್ತೇನು?"

ಅಮರಪ್ಪ ತಲೆ ತಗ್ಗಿಸಿದ. ಉತ್ತರ ಅಡಿಗೆಮನೆಯ ಕಡೆಯಿಂದ ಬಂತು.

"ಎತ್ತಿಗೆ ಕಣ್ಣಪಟ್ಟಿ ಕಟ್ಟಿ ತಿರುಗಸ್ತೀರಿ ಮಾವಾರ. ಸಂಜೀಕ ಬಿಚ್ಚತೀರಿ," ಎಂದಳು ಪರಸವ್ವ. ಮದುವೆಯಾಗಿ ಬಂದಂದಿನಿಂದ ಮಾವನ ಎದುರು ಆಕೆ ಬಾಯಿ ತೆರೆದದ್ದು ಅದೇ ಮೊದಲು. "ಇವರಿಗೆ ಪಟ್ಟಿ ಇಲ್ಲದನ ಕಣ್ಣ ಕಾಣವಲ್ದಾಗ್ಯಾವ. ಇವರದು ಬಿಚ್ಚವರ್ಯಾರು?"

ರೇಣುಕವ್ವ ಸೊಸೆಯನ್ನು ಗದರಲಿಲ್ಲ. ಬದಲಿಗೆ ಅವಳ ಪಕ್ಕಕ್ಕೆ ಬಂದು ನಿಂತಳು. "ದವಾಖಾನಿ ಹಗಲೂ ರಾತ್ರಿ ತಿಂದು ಉಳಿಸಿದ ಎರಡು ತಾಸನ್ನ ನಾವ ತಿಂದೇವ್ರಿ. ನೀವು ಹಂಚಿದ್ರಿ, ನಾ ನೋಡಕೋತ ರೊಟ್ಟಿ ಬಡದೆ."

ಬಸಗೊಂಡಪ್ಪ ಲಕ್ಕವ್ವನ ಕಡೆ ನೋಡಿದ. ಯಾವಾಗಲೂ ಒಂದು ಚುಚ್ಚುಮಾತು ಸಿದ್ಧವಿರುವ ಮುದುಕಿ ಆವತ್ತು ಸುಮ್ಮನೆ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಊಟದ ಹೊತ್ತಿಗೆ ಅಮರಪ್ಪ ಹೇಳಿದ, "ನಾಳೆ ದೊಡ್ಡ ಡಾಕ್ಟರಿಗೆ ಇದನ್ನ ಹೇಳತೀನಿ."

"ಹೇಳಬ್ಯಾಡೋ ಯಪ್ಪಾ," ಬಸಗೊಂಡಪ್ಪನ ಕೈ ತುತ್ತಿನ ಮೇಲೇ ನಿಂತಿತು. "ಮನ್ಯಾಗ ಆದದ್ದು ಮನ್ಯಾಗ ಇರಲಿ. ತಪ್ಪು ಮಾಡ್ದೆ ಅಂತ ನೀನ ಹೋಗಿ ಹೇಳಿದ್ರ ಅವರು ಸಹಿ ಮಾಡತಾರೇನು? ಇಷ್ಟು ವರ್ಷ ಓದಿದ್ದು ಏನಾತು?"

"ಹೇಳಲಿಲ್ಲಂದ್ರ ನಾಳೆ ದವಾಖಾನ್ಯಾಗ ಆಗತದಪ್ಪಾ. ಅಲ್ಲಿ ವಾಸನಿ ನೋಡಾಕ ಮಾಬುಬಿ ಇರೂದಿಲ್ಲ."

ಬಸಗೊಂಡಪ್ಪ ತಾಟಿನಲ್ಲಿ ರೊಟ್ಟಿ ಬಿಟ್ಟು ಎದ್ದ. ಆ ಮನೆಯಲ್ಲಿ ರೊಟ್ಟಿ ಬಿಟ್ಟೇಳುವ ರೂಢಿ ಇರಲಿಲ್ಲ.

ಮರುದಿನ ಗಾಣ ತಿರುಗುತ್ತಿತ್ತು, ಬಸಗೊಂಡಪ್ಪನ ಗಮನ ಗಾಣದ ಮೇಲಿರಲಿಲ್ಲ. ಹಿಂಡಿ ಗಟ್ಟಿಯಾದದ್ದನ್ನೂ ನೋಡದೆ ಬಾಗಿಲ ಕಡೆಗೇ ನೋಡುತ್ತಿದ್ದ. ಕಾಖಂಡಕಿಯಿಂದ ಮತ್ತೊಂದು ಬಂಡಿ ಬಂದು ನಿಂತಿತು.

"ಡಾಕ್ಟರ ಅದಾರೇನ್ರಿ?"

"ಇಲ್ರಿ. ಇದು ಎಣ್ಣೀ ಮನಿ. ಬ್ಯಾನಿಗೆ ದವಾಖಾನಿಗೆ ಹೋಗ್ರಿ."

"ನೀವ ಬಾ ಅಂದಿದ್ರೆಲ್ಲ?"

"ಅಂದಿದ್ದೆ," ಎಂದ ಬಸಗೊಂಡಪ್ಪ. "ತಪ್ಪು ಮಾಡಿದ್ದೆ. ಕುಸುಬಿ ಇಳಿಸಬ್ಯಾಡ್ರಿ, ಹಂಗ ಹೋಗ್ರಿ."

ಒಳಗಿನಿಂದ ಮೂವರೂ ಹೆಂಗಸರು ಕೇಳಿಸಿಕೊಂಡರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಧ್ಯಾಹ್ನ ಬಂದದ್ದು ಅಮರಪ್ಪ ಒಬ್ಬನೇ ಅಲ್ಲ, ಜೊತೆಗೆ ಯಾಕೂಬನೂ ಇದ್ದ. ಕೋಲಿನಂತೆ ತೆಳ್ಳಗಿನ ಹುಡುಗ, ಮಾತು ಮಾತ್ರ ದಪ್ಪ. ರೇಣುಕವ್ವ ಪಡಸಾಲೆಯಲ್ಲೇ ಇಬ್ಬರಿಗೂ ತಾಟು ಇಟ್ಟಳು. ಬಸಗೊಂಡಪ್ಪ ಕಂಬಕ್ಕೆ ಒರಗಿ ನಿಂತ. ಕೇಳುವ ಧೈರ್ಯ ಅವನಿಗಿರಲಿಲ್ಲ.

"ಏನಂದ್ರಪ್ಪಾ ನಿಮ್ಮ ಹ್ಹಂ ಸಾಹೇಬ್ರು?" ಎಂದು ಲಕ್ಕವ್ವನೇ ಕೇಳಿದಳು.

"ಏನಂದ್ರು ಅಂತ ಇವಂಗ ಗೊತ್ತಿಲ್ಲ ಆಯಿ," ಎಂದ ಯಾಕೂಬ. "ತಪ್ಪು ಒಪ್ಪಿಕೊಂಡ, ಎಲ್ಲಾ ಹೇಳಿದ. ಅವರು ಶುರು ಮಾಡಿದ್ರು, ನಾವು ಕಲಿಯುವಾಗ ಮೂರು ಮೂರು ದಿವಸ ನಿದ್ದಿ ಮಾಡತಿದ್ದಿಲ್ಲ ಅಂತ. ಅವರು ನಿದ್ದಿ ಮಾಡಲಾರದ ಕಥಿ ಹೇಳಿ ಮುಗಸೂದರೊಳಗ ಇಂವ ನಿಂತಲ್ಲೆ ನನ್ನ ಹೆಗಲ ಮ್ಯಾಲ ನಿದ್ದಿ ಮಾಡಿದ್ದ."

ಪರಸವ್ವ ತಡೆಯಲಾರದೆ ನಕ್ಕಳು. ಅಮರಪ್ಪ ನಾಚಿ ಮಜ್ಜಿಗೆ ಕುಡಿದ.

"ಅವರಿಗೆ ಭಾಳ ಸಿಟ್ಟು ಬಂತು. ಕೈಲಾಗಲಿಲ್ಲಂದ್ರ ಬಿಟ್ಟು ಹೋಗ್ರಿ, ಸಹಿ ಇಲ್ಲ ಅಂದ್ರು. ಆಗ ನಾ ಕೇಳಿದೆ, ಸರ್, ನಾಳೆ ಮುಂಜಾನೆ ನೀವು ಒಬ್ಬರ ಹೊಟ್ಟಿ ಕೊಯ್ಯವರದೀರಿ. ಕ್ಲೋರೋಫಾರ್ಮಿನ ಬಾಟ್ಲಿ ಇವನ ಈ ಕೈಯೊಳಗ ಇರತದ. ಹನಿ ಎಣಿಸೂದು ಈ ಕಣ್ಣು. ನಾ ಹಿಡದ್ರೂ ಅಷ್ಟ, ನನ್ನ ಕಣ್ಣು ಇದಕ್ಕಿಂತ ಛಲೋ ಇಲ್ಲ. ನೀವ ಹೇಳ್ರಿ, ಯಾರು ಹಿಡೀಬೇಕು?"

"ಅಬ್ಬಾ!" ಎಂದಳು ರೇಣುಕವ್ವ. "ಅದಕ್ಕ ಏನಂದ್ರು?"

"ಚಾಳೀಸ ತಗದು ಒರಸಿದ್ರು. ಮತ್ತ ಹಾಕ್ಕೊಂಡ್ರು. ಮತ್ತ ತಗದ್ರು. ಆಮ್ಯಾಲೆ ಕುರ್ಚಿ ತೋರಿಸಿ ಕುಂದ್ರು ಅಂದ್ರು. ಇಷ್ಟು ತಿಂಗಳೊಳಗ ಆ ಮನಿಷ್ಯಾ ನಮಗ ಕುಂದ್ರು ಅಂದದ್ದು ಇದ ಮೊದಲು ಆಯಿ."

ಎಚ್ಚರಾದ ಮೇಲೆ ಕೇಳಿದ ಮಾತಿನ ತಿರುಳನ್ನು ಅಮರಪ್ಪ ಹೇಳಿದ. ಇಬ್ಬರೂ ಒಟ್ಟಿಗೆ ನಿಲ್ಲುವುದು ಬಿಟ್ಟು ಪಾಳಿ ಹಚ್ಚಿಕೊಳ್ಳಬೇಕು. ಒಬ್ಬ ನಿಂತಾಗ ಇನ್ನೊಬ್ಬ ಮಲಗಬೇಕು. ಹೋಗುವವನು ಬರುವವನಿಗೆ ಪ್ರತಿ ಹಾಸಿಗೆಯ ಹತ್ತಿರ ನಿಂತು ರೋಗಿಯ ಸ್ಥಿತಿ ಹೇಳಿ ಹೋಗಬೇಕು. ವಾರಕ್ಕೊಂದು ದಿವಸ ಪೂರ್ತಿ ರಜೆ. ಒಂದು ತಿಂಗಳು ನೋಡುವುದು. ಒಬ್ಬ ರೋಗಿಗೆ ತೊಂದರೆಯಾದರೂ ಹಳೆಯ ಪದ್ಧತಿ ವಾಪಸು, ಸಹಿಯ ಮಾತು ಆಮೇಲೆ.

"ರಜಾ ಯಾವತ್ತು?" ಎಂದ ಬಸಗೊಂಡಪ್ಪ ಕಂಬ ಬಿಟ್ಟು.

"ಯಾಕೂಬಂದು ಶುಕ್ರವಾರ, ತಿಕೋಟಾಕ್ಕ ಹೋಗಿ ಬರತಾನ," ಎಂದ ಅಮರಪ್ಪ. ತುಸು ತಡೆದು, "ನಂದು ಸೋಮವಾರ," ಎಂದ.

ಲಕ್ಕವ್ವ ಜೋಳದ ಮೊರವನ್ನು ಕೆಳಗಿಟ್ಟು ಮಗನ ಮುಖ ನೋಡಿದಳು. ಬಸಗೊಂಡಪ್ಪ ರುಮಾಲು ಸರಿಮಾಡಿಕೊಂಡು, "ಯಾಕೂಬಗ ಇನ್ನೊಂದು ರೊಟ್ಟಿ ಹಾಕಬೇ," ಎಂದು ಹೆಂಡತಿಗೆ ಹೇಳಿ ಅಂಗಳಕ್ಕೆ ಹೋದ.

ಸೋಮವಾರ ಬಂತು. ಬಸಗೊಂಡಪ್ಪ ಗಂಟೆ ಬಿಚ್ಚಿ ಬಾಗಿಲ ಗೂಟಕ್ಕೆ ತೂಗಿದ. ಅಮರಪ್ಪ ಸಜ್ಜಕ ಉಂಡ, ತುಪ್ಪ ಸುರಿಸಿಕೊಂಡು ಎರಡನೆಯ ಸಲವೂ ಉಂಡ, ಅಂಗಿ ಬಿಚ್ಚಿ ಮಲಗಿದ. ಮನೆಯಲ್ಲಿ ಪಾತ್ರೆಯ ಸಪ್ಪಳವೂ ಇರದಂತೆ ಪರಸವ್ವ ಮುಸುರೆಯನ್ನು ಹಿತ್ತಲಿಗೆ ಒಯ್ದಳು.

ನಿದ್ದೆ ಬರಲಿಲ್ಲ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಎದ್ದು ನೀರು ಕುಡಿದ. "ಯಾರರ ಕರದ್ರೇನು?" ಎಂದು ಎರಡು ಸಲ ಹೊರಗೆ ಬಂದು ಕೇಳಿದ.

"ಯಾರೂ ಕರದಿಲ್ಲೋ. ಮಲಕೋ ಹೋಗು."

"ನಿದ್ದಿ ಬರವಲ್ದು ಆಯಿ. ಸಪ್ಪಳ ಇಲ್ಲಂದ್ರ ಎದಿ ಹೊಡಕೋತದ. ಎಲ್ಲೋ ಏನೋ ಆಗೇದ ಅನಸ್ತದ."

ಲಕ್ಕವ್ವ ಮಗನಿಗೆ ಹೇಳಿದಳು, "ಇಂವ ತೊಟ್ಟಿಲ ಕೂಸಿದ್ದಾಗ ನೆನಪೈತಿಲ್ಲೊ ಬಸ್ಯಾ? ಗಾಣದ ಮಗ್ಗಲಕ್ಕ ತೊಟ್ಟಿಲಾ ಕಟ್ಟಿದ್ವಿ. ಗಂಟಿ ಸಪ್ಪಳಿದ್ರ ಮಲಗಾಂವ, ಎತ್ತು ನಿಂತ್ರ ಎದ್ದು ಅಳಾಂವ. ಸೋಮವಾರಕ್ಕೊಮ್ಮಿ ಓಣಿ ತುಂಬ ಇವನ ದನಿ."

ಬಸಗೊಂಡಪ್ಪ ಬಾಗಿಲಿಗೆ ಹೋಗಿ ಗೂಟದ ಗಂಟೆಯನ್ನು ಕೈಗೆ ತೆಗೆದುಕೊಂಡ. ಕೋಣೆಯ ಹೊಸ್ತಿಲ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಕೆಂದ್ಯಾ ನಡೆಯುವ ಹಾಗೆ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ತಿರುವಿನಲ್ಲಿ ತುಸು ನಿಧಾನ, ಗಂಟೆ ಅಲುಗಿಸತೊಡಗಿದ. ಅಣಕ ಮಾಡುವುದರಲ್ಲಿ ತಾನೇ ಹಿರಿಯಳೆಂದುಕೊಂಡಿದ್ದ ಲಕ್ಕವ್ವ ಬೆರಗಾಗಿ ನೋಡಿದಳು. ಎತ್ತನ್ನು ಯಥಾವತ್ತು ಇಳಿಸಿಬಿಟ್ಟಿದ್ದ.

ಒಳಗೆ ಹೊರಳಾಟ ನಿಂತಿತು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಅದರ ಜೊತೆಗೇ ಓಣಿಗೂ ಗಂಟೆ ಕೇಳಿಸಿತ್ತು. ಮೊದಲು ಒಬ್ಬ ಬಾಟಲಿ ಹಿಡಿದು ಬಂದ, ಆಮೇಲೆ ಇಬ್ಬರು. ಗೂಟ ನೋಡಿದರು, ಖಾಲಿ. ಹಿಂದೆಯೇ ಕೋಲೂರಿಕೊಂಡು ಗುರುಪಾದಯ್ಯನವರು ಬಂದರು. ಬಾಗಿಲ ಹೊರಗೇ ನಿಂತು ಕೂಗಿದರು.

"ಬಸಗೊಂಡಪ್ಪಾ! ಸೋಮವಾರ ಎತ್ತು ಹೂಡೀಯೇನು? ನೀನೂ ಹೂಡಿದ್ಯಾ?"

ರೇಣುಕವ್ವ ಸೆರಗು ಸರಿಮಾಡಿಕೊಂಡು ಉತ್ತರ ಹೇಳಲು ಎದ್ದಳು. ಹೇಳಬೇಕೆಂದರೆ ಕೂಗಿ ಹೇಳಬೇಕು, ಕೂಗಿದರೆ ಮಗ ಏಳುತ್ತಾನೆ. ಬಸಗೊಂಡಪ್ಪ ಬೇಡವೆಂದು ಕಣ್ಣಲ್ಲೇ ತಡೆದ. ತಾನೇ ಎದ್ದು, ಗಂಟೆಯನ್ನು ಲಕ್ಕವ್ವನ ಕೈಗೆ ಕೊಡದೆ, ಅಲುಗಿಸುತ್ತಲೇ ಬೆರಳ ತುದಿಯಲ್ಲಿ ನಡೆದು ಬಾಗಿಲಿಗೆ ಬಂದ.

"ಹೌದ್ರೀ ಅಯ್ಯಾರ, ಹೂಡೇನಿ," ಎಂದ ಮೆಲ್ಲಗೆ. "ಮುದಿ ಎತ್ತು. ಇಷ್ಟು ದಿವಸ ಬರೇ ಕುಂತು ತಿಂದಿತ್ತು, ಇವತ್ತೊಂದಿನ ದುಡೀಲಿ. ಎಣ್ಣಿಗೆ ನಾಳೆ ಬರ್ರಿ."

ಗುರುಪಾದಯ್ಯನವರು ಅವನ ಕೈಯಲ್ಲಿದ್ದ ಗಂಟೆ ನೋಡಿದರು. ಅಂಗಳದಲ್ಲಿ ಬೇವಿನ ನೆರಳಿಗೆ ಬರಿಕೊರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಕೆಂದ್ಯಾನನ್ನು ನೋಡಿದರು. ಒಳಗಿನ ಗೊರಕೆಗೆ ಕಿವಿಗೊಟ್ಟರು. ಬಾಟಲಿಯವರ ಕಡೆಗೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು, ಕೋಲು ನೆಲಕ್ಕೆ ತಾಗದಂತೆ ಎತ್ತಿ ಹಿಡಿದುಕೊಂಡು ಹೊರಟರು.

ಬಸಗೊಂಡಪ್ಪ ಮತ್ತೆ ಬಂದು ಹೊಸ್ತಿಲಲ್ಲಿ ಕುಳಿತ. ತಿರುವಿನಲ್ಲಿ ತುಸು ನಿಧಾನ ಮಾಡಿದ, ಮತ್ತೆ ನಡೆದ.